ಹವಾಲ್ದಾರ್ ಮಾಮಾ ಓಟು ಕೇಳಿದ್ದು

ನನ್ನ ಮಾಮಾ, ಅಂದರೆ ಅವ್ವನ ಅಣ್ಣ, ಮಿಲಿಟರಿಯಲ್ಲಿ ಹವಾಲ್ದಾರ್ ಆಗಿದ್ದವರು. ನಿವೃತ್ತರಾಗಿ ಅತನೂರಿನ ಹತ್ತಿರದ ನಮ್ಮೂರಿಗೆ ಬಂದ ವರ್ಷವೇ ಮಂಡಲ ಪಂಚಾಯಿತಿ ಚುನಾವಣೆ ಬಂತು. ರಜೆಗೆ ಬಂದಾಗಲೆಲ್ಲ ಅವರನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಗಡಿಯ ಸುದ್ದಿ ಕೇಳುತ್ತಿದ್ದ ಜನ, "ನೀವು ನಿಂದರ್ರಿ ಹವಾಲ್ದಾರ್ರ, ನಾವಿದ್ದೇವಿ" ಎಂದರು. ಮಾಮಾ ನಿಂತೇಬಿಟ್ಟರು. ಎದುರಿಗೆ ನಿಂತವರು ಊರ ಗೌಡರು.

ಪ್ರಚಾರಕ್ಕೆ ನಾನೇ ಜೊತೆಗಾರ. ನನಗದು ಮೊದಲ ಓಟು. ಮಾಮಾ ಬೂಟಿಗೆ ಪಾಲಿಶ್ ಹಚ್ಚಿ, ಮತದಾರರ ಪಟ್ಟಿ ಹಿಡಿದು, ಪ್ರತಿ ಮನೆಯ ಹೊಸ್ತಿಲಲ್ಲೂ ಸೆಟೆದು ನಿಂತು ಕೇಳುವರು: "ನಿಮ್ಮ ಓಟು ನನಗೋ, ಗೌಡರಿಗೋ?" ಮನೆಗೆ ಬಂದವರಿಗೆ ಮುಖದ ಮೇಲೆ ಇಲ್ಲ ಎನ್ನುವ ಪದ್ಧತಿ ನಮ್ಮ ಕಡೆ ಇಲ್ಲ. "ಅಯ್ಯ, ಇದನ್ನ ಕೇಳಬೇಕೇನ್ರಿ? ನಿಮಗೇರಿ" ಎನ್ನುತ್ತಿದ್ದರು. ಮಾಮಾ ಆ ಹೆಸರಿನ ಮುಂದೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ ಮುಂದಿನ ಮನೆಗೆ ನಡೆಯುವರು. ಚಹಾಕ್ಕೂ ಕೂಡುತ್ತಿರಲಿಲ್ಲ.

ಜನ ಗೌಡರಿಗೂ ಇದೇ ಮಾತು ಹೇಳುತ್ತಾರೆ ಎಂದು ನಾನು ಎಷ್ಟು ಬಡಕೊಂಡರೂ ಅವರು ಕೇಳಲಿಲ್ಲ. "ಲೇ, ಹೌದಂದ್ರ ಹೌದ. ಪಲ್ಟನ್‌ದಾಗ ಬಾಜೂದಾಂವ ಹೌದಂದ್ರ ಅವನ ಮಾತಿನ ಮ್ಯಾಲ ಜೀವಾ ಇಡ್ತಿದ್ವಿ." ಪಟ್ಟಿ ಕೆಂಪಾಯಿತೆಂದು ಕೊನೆಯ ಎರಡು ದಿನ ಮನೆಯಲ್ಲೇ ಕೂತರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಸೋತರು. ಮರುದಿನ ಅದೇ ಬೂಟು ಹಾಕಿಕೊಂಡು ಉಪಕಾರ ನೆನೆಯಲು ಮನೆಮನೆಗೆ ಹೊರಟರು. ಎಲ್ಲ ಕಡೆಯೂ "ನಮ್ಮ ಓಟು ನಿಮಗೇ ಬಿದ್ದಾವ್ರಿ" ಎಂಬ ಉತ್ತರ. ಜನ ಹೇಳಿದ್ದು ನಿಜವಾಗಿದ್ದರೆ ಗೌಡರಿಗೆ ಅವರ ಹೆಂಡತಿಯೂ ಓಟು ಹಾಕಿರಬಾರದು. ನಮ್ಮ ಮನೆಗೆ ಬಂದಾಗ ಅಪ್ಪನೂ ಅದನ್ನೇ ಹೇಳಿದ. ಅವ್ವ ಚಹಾ ಇಡಲು ಒಳಗೆ ಹೋದಳು. ಮಾಮಾ ನನ್ನ ಕಡೆ ನೋಡಿದರು.

"ಇಲ್ಲ ಮಾಮಾ" ಎಂದೆ. "ಮೂರೂ ಓಟು ಗೌಡರಿಗೆ ಹಾಕೇವಿ. ನಾವು ಪಾಲಿಗೆ ಮಾಡೂ ಹೊಲಾ ಅವರ್ದು. ಬಿಡಸ್ಕೋತಾರಂತ ಅಪ್ಪ ಅಂಜಿದ. ನಾನೂ ಅಂಜಿದೆ."

ನಾಚಿಕೆಯಿಂದ ಸತ್ತುಹೋಗಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಮಾಮಾ ಹೊರಸಿನ ಮೇಲೆ ಕೂತು ಅವ್ವ ತಂದ ಚಹಾವನ್ನು ಪೂರ್ತಿ ಕುಡಿದರು. "ಯಾರ ಹೊಲಾ ಯಾರು ಮಾಡ್ತಾರ, ಅದನ್ನ ಬರ್ಕೋಬೇಕಿತ್ತು ನೋಡು" ಎಂದರು.

ಮುಂದಿನ ಚುನಾವಣೆಯ ಹೊತ್ತಿಗೆ ಅವರು ಎಲ್ಲರ ಮನೆಯಲ್ಲೂ ಕೂಡುತ್ತಿದ್ದರು. ಯಾರು ಏನು ಕೇಳಿದರೂ "ನೋಡೂಣ್ರಿ, ಮಾಡೂಣ್ರಿ" ಎನ್ನುತ್ತಿದ್ದರು. ಗೆದ್ದರು, ಅಧ್ಯಕ್ಷರೂ ಆದರು. ಆ ಸಲ ಅಪ್ಪನಿಗೆ ಗೊತ್ತಾಗದಂತೆ ನಾನು ಮಾಮಾನಿಗೇ ಓಟು ಹಾಕಿದ್ದೆ. ಅದನ್ನು ಹೇಳಬೇಕೆಂದೇ ಓಡಿಹೋದೆ.

"ಹೌದೇನಪಾ? ಭಾಳ ಸಂತೋಷಾತು" ಎಂದು ನಗುತ್ತ ಎರಡೂ ಕೈ ಹಿಡಿದರು. ನಂಬಿರಲಿಲ್ಲ.