ಅತ್ತೆಯ ರೆಕಾರ್ಡು ತೊಳೆದದ್ದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವವನು. ಮಗ್ಗದ ಸದ್ದಿನಲ್ಲಿ ಕಿರುಚಿ ಮಾತಾಡಿಯೇ ರೂಢಿ. ಮಗ್ಗ ನಿಂತ ಮೇಲೆ ಕೇಳಲು ಮಾತ್ರ ಹಳೆಯ ಗ್ರಾಮಫೋನ್ ರೆಕಾರ್ಡುಗಳು ಬೇಕು. ಮಹಾಲಿಂಗಪುರ, ಮುಧೋಳದ ಗುಜರಿ ಅಂಗಡಿಗಳಲ್ಲಿ ಹೆಕ್ಕಿ ಹೆಕ್ಕಿ ತಂದಿದ್ದೇನೆ. ತಂದದ್ದೇ ತಡ, ನಮ್ಮ ಮನೆಯ ಹತ್ತಿ ಧೂಳು ಅವುಗಳ ಮೇಲೆ ಕೂತುಬಿಡುತ್ತದೆ.

ತೊಳೆಯುವ ಉಪಾಯ ಹುಡುಕುವುದರಲ್ಲೇ ಒಂದು ವರ್ಷ ಹೋಯಿತು. ಮಖಮಲ್ಲಿನ ಬ್ರಷ್ ತರಿಸಿದೆ. ಅದು ಧೂಳನ್ನು ಈ ಕಡೆಯಿಂದ ಆ ಕಡೆಗೆ ಸಾಗಿಸಿತು, ಅಷ್ಟೇ. ಆಮೇಲೆ ಒಂದು ಸಣ್ಣ ತೊಟ್ಟಿ ಬಂತು. ಒಳಗೆ ಎರಡೂ ಬದಿಗೆ ಮೆತ್ತನೆಯ ಬ್ರಷ್ಷು, ನಡುವೆ ರೆಕಾರ್ಡು ನಿಲ್ಲಿಸಿ ಕೈಯಿಂದ ತಿರುಗಿಸಬೇಕು. ಬೋರಿನ ನೀರು ಹಾಕಿದರೆ ಒಣಗಿದ ಮೇಲೆ ಬಿಳಿ ಕಲೆ! ಕೊನೆಗೆ ಜಮಖಂಡಿಯ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು, ಒಂದು ಹನಿ ಪಾತ್ರೆ ಸೋಪು, ಸ್ವಲ್ಪ ಸ್ಪಿರಿಟ್ ಬೆರೆಸಿದೆ. ಪ್ಲಾಸ್ಟಿಕ್ಕಿನ ಎಲ್‌ಪಿ ರೆಕಾರ್ಡುಗಳು ಥಳಥಳ ಹೊಳೆದವು. ಸ್ಪಿರಿಟ್ ನಮಗೆ ಹೊಸದಲ್ಲ. ಸೀರೆ ವ್ಯಾಪಾರಿಯ ಕೈಗೆ ಹೋಗುವ ಮುಂಚೆ ಮಗ್ಗದ ಎಣ್ಣೆ ಕಲೆಯನ್ನು ನಾವು ಅದರಿಂದಲೇ ತಿಕ್ಕಿ ತೆಗೆಯುವುದು. ಕಲೆ ತೆಗೆಯುವುದನ್ನು ನನಗೆ ಯಾರು ಹೇಳಿಕೊಡಬೇಕು ಎಂಬ ಧಿಮಾಕು.

ನನ್ನ ಅತ್ತೆ, ಅಂದರೆ ತಂದೆಯ ಅಕ್ಕ, ನಮ್ಮ ಜೊತೆಗೇ ಇದ್ದಾಳೆ. ತೊಂಬತ್ತರ ಹತ್ತಿರದ ಜೀವ. ಮದುವೆಗೆ ಮುಂಚೆ ಹಾಡುತ್ತಿದ್ದಳಂತೆ. ಒಂದೇ ಒಂದು ರೆಕಾರ್ಡೂ ಆಗಿತ್ತಂತೆ. ಗಂಡನ ಮನೆಯಲ್ಲಿ ಹಾಡು ನಿಂತುಹೋಯಿತು. ಒಂದು ಮಧ್ಯಾಹ್ನ ಟ್ರಂಕಿನ ತಳದಿಂದ ಆ ರೆಕಾರ್ಡು ತೆಗೆದು ತಂದಳು.

"ತಮ್ಮಾ, ಇದನ್ನೊಂದ ಹಚ್ಚಿ ಕೇಳಸೋ. ನನ್ನ ದನಿ ನನಗ ಮರತ ಹೋಗೇತಿ."

"ಹೊಲಸಾಗೇತಿ ಬೇ ಅತ್ತಿ, ಪ್ಲೇಯರಿನ ಮುಳ್ಳ ಹಾಳಾಗತೈತಿ. ತೊಳದ ಹಚ್ಚತೇನಿ."

"ಮೊದಲ ಇದ್ದಂಗ ಒಂದ ಸಲ ಹಚ್ಚೋ. ನಾವು ಒಣ ಅರಬಿಲೆ ಒರಸತಿದ್ವಿ."

"ನಿನಗೇನ ತಿಳೀತೈತಿ! ಸುಮ್ಮ ಕುಂದರ."

ಈ ಮಾತು ಆಡಿದ ಬಾಯಿಗೆ ಏನು ಹಾಕಬೇಕು?

ನಡುವಿನ ಕಾಗದದ ಚೀಟಿ ನೆನೆದೀತೆಂದು ತೊಟ್ಟಿಗೆ ಇಳಿಸಲಿಲ್ಲ. ಬಿಳಿ ಬಟ್ಟೆಗೆ ಬರೀ ಸ್ಪಿರಿಟ್ ಅದ್ದಿ ತಿಕ್ಕಿದೆ. ಬಟ್ಟೆ ಕಪ್ಪಾಯಿತು. ಅಬ್ಬಾ, ಎಷ್ಟು ವರ್ಷದ ಹೊಲಸು ಎಂದು ಖುಷಿಪಟ್ಟು ಇನ್ನಷ್ಟು ಒತ್ತಿದೆ. ಮಗುಚಿ ಇನ್ನೊಂದು ಬದಿಯನ್ನೂ ಬಿಡಲಿಲ್ಲ. ಬಟ್ಟೆ ಅಂಟತೊಡಗಿದಾಗ ಎತ್ತಿ ನೋಡಿದೆ. ಬೆರಳಿಟ್ಟ ಜಾಗದಲ್ಲಿ ಬೆರಳಿನ ಗುರುತು ಉಳಿಯಿತು. ಆ ಕಾಲದ ರೆಕಾರ್ಡು ಎಲ್‌ಪಿಯಂತಲ್ಲ, ಅರಗಿನದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆಂದು ಬಾಗಿಲಿಗೆ ಪಾಲಿಶ್ ಹಾಕುವ ಬಡಿಗನಿಗೂ ಗೊತ್ತು. ನಾನು ಒರೆಸಿದ್ದು ಹೊಲಸನ್ನಲ್ಲ, ಹಾಡನ್ನು.

ಒಣಗಿದ ಮೇಲೆ ಹಚ್ಚಿದೆ. ಬರೀ ಸುಂಯ್ ಎಂಬ ಸದ್ದು. ಅತ್ತೆ ಕಿವಿ ಹತ್ತಿರ ತಂದು ಕೊನೆಯವರೆಗೂ ಕೇಳಿದಳು.

"ಇದರಾಗ ನಾ ಎಲ್ಲಿ ಅದೇನಿ ತಮ್ಮಾ?"

"ತಪ್ಪಾತು ಅತ್ತಿ. ನಾನ ಒರಸಿಬಿಟ್ಟೆ," ಎಂದೆ.

ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. "ಹೋಗಲಿ ಬಿಡೋ, ನಾನ ಹಾಡತೇನಿ," ಎಂದು ನೆಟ್ಟಗೆ ಕೂತಳು. ಎರಡು ಸಾಲು ಹಾಡುವಷ್ಟರಲ್ಲಿ ದನಿ ಒಡೆದು ಕೆಮ್ಮು ಬಂತು. ನೀರು ಕೊಟ್ಟೆ. ಕುಡಿದು ನನ್ನ ಕೈ ಹಿಡಿದಳು.

"ಇದಲ್ಲೋ ತಮ್ಮಾ. ನನ್ನ ದನಿ ಹಿಂಗ ಇರಲಿಲ್ಲ. ಹೌದಲ್ಲೋ?"

ನಾನು ಆ ದನಿಯನ್ನು ಒಂದು ಸಲವೂ ಕೇಳಿರಲಿಲ್ಲ.