ಬ್ಯಾಂಕಾಕಿನಿಂದ ನಾಲ್ಕು ಡಬ್ಬಿ

ಅಮ್ಮ ತೀರಿಕೊಂಡ ವರ್ಷ ದಸರಾ ರಜೆಯಲ್ಲಿ ಎಲ್ಲಿಗೆ ಹೋಗುವುದೆಂದು ತಿಳಿಯದೆ, ಶಿವಮೊಗ್ಗದವರೊಬ್ಬರ ಟೂರಿಗೆ ಹೆಸರು ಕೊಟ್ಟು ಥಾಯ್ಲೆಂಡಿಗೆ ಹೋಗಿಬಂದೆ. ನಾನು ನರಸಿಂಹರಾಜಪುರದಲ್ಲಿ ಹೈಸ್ಕೂಲ್ ಟೀಚರು. ಮದುವೆಯಿಲ್ಲ, ಬಾಡಿಗೆ ಮನೆ. ಟೂರಿನ ಬಸ್ಸಿನಲ್ಲಿ ಎಲ್ಲರೂ ಜೋಡಿ. ನನ್ನ ಪಕ್ಕದ ಸೀಟಿನಲ್ಲಿ ಅವರ ಬ್ಯಾಗುಗಳು ಕೂತಿದ್ದವು.

ಕೊನೆಯ ದಿನ ಬ್ಯಾಂಕಾಕಿನ ಸಂತೆಯಲ್ಲಿ ಒಬ್ಬ ಮುದುಕಿ ಕಲಾಮೆ ಎಂಬ ಸಿಹಿ ಮಾರುತ್ತಿದ್ದಳು. ಅಕ್ಕಿಹಿಟ್ಟು, ತೆಂಗಿನ ಹಾಲು, ತಾಳೆಬೆಲ್ಲ ಹಾಕಿ ಗಂಟೆಗಟ್ಟಲೆ ಮಗುಚಿದ್ದು ಎಂದು ಗೈಡ್ ಹೇಳಿದ. ಬಾಯಿಗಿಟ್ಟರೆ ನಮ್ಮ ಹಾಲ್ಬಾಯಿಯೇ, ಬಣ್ಣ ಮಾತ್ರ ಕಪ್ಪು. ಸೌಟು ಹಿಡಿದ ಅಮ್ಮನ ಕೈ ನೆನಪಾಯಿತು. ಮನೆಯಲ್ಲಿ ಎಷ್ಟು ಜನ ಎಂದು ಮುದುಕಿ ಸನ್ನೆಯಲ್ಲೇ ಕೇಳಿದಳು. ಹಿಂದೆ ನಮ್ಮ ಟೂರಿನ ಹೆಂಗಸರು ನಿಂತಿದ್ದರು. ನಾನು ನಾಲ್ಕು ಬೆರಳು ತೋರಿಸಿದೆ. ಹಸಿ ಸುಳ್ಳು. ಅವಳು ನಾಲ್ಕು ರಟ್ಟಿನ ಡಬ್ಬಿ ಕಟ್ಟಿಕೊಟ್ಟಳು.

ಊರಿಗೆ ಬಂದ ಮೇಲೆ ಆ ನಾಲ್ಕು ಜನರನ್ನು ಹುಡುಕುವ ಕೆಲಸ ಶುರುವಾಯಿತು.

ಮೊದಲನೆಯದು ಮನೆ ಓನರಮ್ಮನಿಗೆ. "ಮೊಟ್ಟೆ ಗಿಟ್ಟೆ ಹಾಕಿಲ್ಲ ಅಲ್ದಾ ಟೀಚರೇ?" ಎಂದು ಕೇಳಿಯೇ ತೆಗೆದುಕೊಂಡರು. ಎರಡನೆಯದು ಸ್ಟಾಫ್ ರೂಮಿನಲ್ಲಿ ಬೆಲ್ ಹೊಡೆಯುವುದರೊಳಗೆ ಖಾಲಿ. ಮೂರನೆಯದನ್ನು ಹಿಡಿದು ಬಸ್ಸಿನಲ್ಲಿ ಕೊಪ್ಪಕ್ಕೆ, ಚಿಕ್ಕಮ್ಮನ ಮಗಳ ಮನೆಗೆ ಹೋದೆ. ಅವರು ಗೇಟಿಗೆ ಬೀಗ ಹಾಕುತ್ತಿದ್ದರು. "ಅಯ್ಯೋ ಅಕ್ಕ, ನಾವೀಗ ಶೃಂಗೇರಿಗೆ ಹೊರಟ್ವಲ್ಲ ಮಾರಾಯ್ತಿ! ಒಂದು ಫೋನಾದ್ರೂ ಮಾಡ್ಬಾರ್ದಿತ್ತಾ?" ಎಂದವಳು ಡಬ್ಬಿಯನ್ನು ಜೀಪಿನೊಳಗಿಟ್ಟುಕೊಂಡಳು. ನಾನು ಅದೇ ಬಸ್ ಸ್ಟ್ಯಾಂಡಿಗೆ ವಾಪಸ್ಸು.

ಆಮೇಲೆ ಹದಿನೈದು ದಿನ ನನ್ನ ಬಾಗಿಲಿಗೆ ಯಾರೂ ಬರಲಿಲ್ಲ. ಯಾಕೆ ಬರಬೇಕು? ನಮ್ಮ ಕಡೆ ತಿಂಡಿ ಬಂದ ಪಾತ್ರೆಯನ್ನು ಬರಿದಾಗಿ ವಾಪಸ್ಸು ಕೊಡುವುದಿಲ್ಲ, ಏನಾದರೂ ಹಾಕಿಯೇ ತಂದುಕೊಡುತ್ತಾರೆ. ನಾನು ಕೊಟ್ಟಿದ್ದು ಬಿಸಾಡುವ ರಟ್ಟು. ಮಕ್ಕಳಿಗೆ ಬುದ್ಧಿ ಹೇಳುವ ನನಗೆ ಇಷ್ಟು ಹೊಳೆಯಲಿಲ್ಲ.

ಫ್ರಿಜ್ಜಿನಲ್ಲಿಟ್ಟಿದ್ದ ನಾಲ್ಕನೆಯ ಡಬ್ಬಿ ಬಿಚ್ಚಿ, ಅದರಲ್ಲಿದ್ದ ಕಲಾಮೆಯನ್ನು ಅಮ್ಮನ ಸ್ಟೀಲ್ ಡಬ್ಬಿಗೆ ಹಾಕಿದೆ. ನಮ್ಮ ಬೀದಿಗೆ ಹೊಸದಾಗಿ ಬಂದಿದ್ದ ಬಟ್ಟೆ ಅಂಗಡಿ ಸಾಹೇಬರ ಹೆಂಡತಿಗೆ ಕೊಟ್ಟು, "ಡಬ್ಬಿ ನಿಧಾನಕ್ಕೆ ಕೊಡಿ" ಎಂದೆ. ನಿಧಾನಕ್ಕೆ ಎಂದವಳೇ ಮರುದಿನದಿಂದ ಶಾಲೆ ಬಿಟ್ಟೊಡನೆ ನೇರ ಮನೆಗೆ ಬಂದು ಬಾಗಿಲು ತೆರೆದಿಟ್ಟು ಕೂರತೊಡಗಿದೆ. ನಾಚಿಕೆಯಾಗುತ್ತಿತ್ತು, ಆದರೂ ಕೂತೆ.

ಒಂಬತ್ತನೆಯ ಸಂಜೆ ಅವರು ಬಂದರು. "ಬೇಜಾರು ಮಾಡ್ಕೋಬೇಡಿ ಟೀಚರೇ, ಖಾಲಿ ಡಬ್ಬಿ ಹೆಂಗೆ ಕೊಡೋದು ಅಂತ ಇಟ್ಕೊಂಡಿದ್ದೆ." ಒಳಗೆ ಕೊಬ್ಬರಿ ಮಿಠಾಯಿ. ಬನ್ನಿ, ಕಾಫಿ ಮಾಡುತ್ತೇನೆ ಎಂದೆ. "ಇನ್ನೊಂದು ದಿನ ಬರ್ತೀನಿ, ಒಲೆ ಮೇಲೆ ಹಾಲಿಟ್ಟು ಬಂದೀನಿ" ಎಂದು ಹೊಸ್ತಿಲಿಂದಲೇ ಹೋದರು. ಎರಡು ನಿಮಿಷವೂ ಆಗಿರಲಿಲ್ಲ.

ಮಿಠಾಯಿ ಬೇರೆ ಪಾತ್ರೆಗೆ ಹಾಕಿ, ಅಮ್ಮನ ಡಬ್ಬಿಯನ್ನು ತೊಳೆದು ಒರೆಸಿದೆ. ಡಬ್ಬಿ ಮನೆಗೆ ಬಂದಾಗಿತ್ತು. ಇನ್ನು ಅವರು ಬರಲು ಕಾರಣವಿರಲಿಲ್ಲ, ನಾನು ಹೋಗಲೂ ಇರಲಿಲ್ಲ.

ಅಮ್ಮ ಹೋದ ಮೇಲೆ ಮೊದಲ ಸಲ, ಹಾಲ್ಬಾಯಿಗೆಂದು ಎರಡು ಪಾವು ಅಕ್ಕಿ ನೆನೆಹಾಕಿದೆ. ಒಬ್ಬಳಿಗೆ ಅದು ತೀರಾ ಹೆಚ್ಚೆಂದು ಗೊತ್ತಿತ್ತು.