ಅಕ್ಕನ ಕವಿತೆಯ ಕೊನೆಯ ಜೋಡಿ

ಕೊಲ್ಹಾಪುರದಲ್ಲಿ ಗಡಹಿಂಗ್ಲಜದ ಬಸ್ಸು ತಪ್ಪಬಹುದಿತ್ತು. ಚಷ್ಮಾ ಇಚಲಕರಂಜಿಯ ಮನೆಯಲ್ಲೇ ಉಳಿಯಬಹುದಿತ್ತು. ಮೈಕು ಕೈಕೊಡಬಹುದಿತ್ತು, ಕೈಕೊಡದೆ ನನ್ನ ಮಾತು ಎಲ್ಲರಿಗೂ ಕೇಳಿಸಿಬಿಡಬಹುದಿತ್ತು. ಊಟದ ಹೊತ್ತಾಯಿತೆಂದು ಜನ ಎದ್ದು ಹೋಗಬಹುದಿತ್ತು. ನನ್ನನ್ನು ಕಂಡೊಡನೆ ಅಕ್ಕ ಮುಖ ತಿರುಗಿಸಬಹುದಿತ್ತು. ನಿಜವಾದ ಹೆದರಿಕೆ ಅದೊಂದೇ.

ಮಗಳ ಲಗ್ನಪತ್ರಿಕೆಯನ್ನು ಆಕೆ ಬರೀ ಮರಾಠಿಯಲ್ಲಿ ಅಚ್ಚು ಹಾಕಿಸಿದಳೆಂದು ಕನ್ನಡ ಮಾಸ್ತರನಾದ ನಾನು ಒಂದು ಮಾತು ಅಂದಿದ್ದೆ. ಆಕೆ ನಾಲ್ಕು ಅಂದಳು. ಅಲ್ಲಿಗೆ ಮಾತು ನಿಂತಿತ್ತು.

ಕ್ಷಮಾವಣಿಯ ದಿನ ನಾವು ಜೈನರು ಎದುರಾದವರಿಗೆಲ್ಲ ಕೈಮುಗಿದು ಕ್ಷಮೆ ಕೇಳುತ್ತೇವೆ. ಕೇಳಿಸಿಕೊಂಡವರು ತಿರುಗಿ ಕೇಳಲೇಬೇಕು. ಈ ವರ್ಷ ಆ ದಿನ ಗಡಹಿಂಗ್ಲಜದ ಬಸದಿಯಲ್ಲಿ ಅಕ್ಕ ಕವಿತೆ ಓದುವವಳಿದ್ದಳು. ಕನ್ನಡದಲ್ಲಿ! ಆಕೆ ಓದಿದ ಮೇಲೆ ಆ ಕವಿತೆಯ ಬಗ್ಗೆ ಸಭೆಯಲ್ಲಿ ಮಾತಾಡಲು ಭಾವ ಫೋನು ಮಾಡಿ ನನ್ನನ್ನು ಕರೆದರು.

"ನಿಮ್ಮಿಬ್ಬರ ಜಿದ್ದಿನಾಗ ನಾ ಅರದ ಹೋಗೇನಿ. ಬರ್ರಿ ಮಾಸ್ತರ, ಆಕೀನ ನಿಮ್ಮ ಹೆಸರ ಹೇಳ್ಯಾಳ."

ಹೊರಡುವಾಗ ಹೆಂಡತಿ ಎಚ್ಚರಿಸಿದಳು. "ಅಲ್ಲಿ ಭಾಳ ಶ್ಯಾಣ್ಯಾತನ ಮಾಡಬ್ಯಾಡ್ರಿ."

"ನಾ ಎಲ್ಲಿ ಶ್ಯಾಣ್ಯಾ?"

"ಅದು ನನಗ ಗೊತ್ತೈತ್ರಿ. ಆ ಮಂದಿಗೆ ಗೊತ್ತಿಲ್ಲ."

ಕವಿತೆ ಜೋಡಿಸಾಲುಗಳಲ್ಲಿತ್ತು. ಮೊದಲ ಸಾಲು ಮುನಿದವರದು, ಎರಡನೆಯದು ಎದುರಿನವರ ಉತ್ತರ. 'ಸಿಟ್ಟನು ತೊಟ್ಟೆ, ಕಟ್ಟೆಯ ಬಿಟ್ಟೆ' ಎಂದು ಆಕೆ ಓದಿದಾಗ ಟಕಾರಗಳು ಕದ ಬಡಿದ ಹಾಗೆ ಕೇಳಿದವು. 'ನಾನೂ ನೊಂದೆ, ಮನದಲಿ ನೆನೆದೆ' ಎನ್ನುವಲ್ಲಿ ನಕಾರಗಳು ಬೆನ್ನು ಸವರಿದವು. ಹೀಗೇ ಸಾಗಿ, ಕೊನೆಯ ಜೋಡಿಗೆ ಬಂದಾಗ ಒಂದೇ ಸಾಲು: 'ತಮ್ಮಾ, ಕೈಯ ಚಾಚಿದೆ ನಾನು.' ಓದಿ ನಿಲ್ಲಿಸಿ, ನನ್ನನ್ನೇ ನೋಡಿದಳು. ಮುಖ ತಿರುಗಿಸಲಿಲ್ಲ.

ನಾನು ಎದ್ದೆ. ಮೈಕಿನ ಮುಂದೆ ಹೋಗಿ ನಿಂತೆ. ಆಗ ನನ್ನೊಳಗಿನ ಮಾಸ್ತರ ಸಹಾಯಕ್ಕೆ ಬಂದ. ಬಂದವನನ್ನು ನಿಲ್ಲಿಸುವುದು ನನ್ನ ಕೈಯಲ್ಲಿ ಇರಲಿಲ್ಲ. ನಾಲ್ಕು-ಮೂರು ಮಾತ್ರೆಗಳ ನಡಿಗೆ ಎಂದೆ. ಕೊನೆಯಲ್ಲಿ ಟಕಾರವೇ ಇಲ್ಲ, ಮುನಿದವರ ಸಾಲೇ ಮೆತ್ತಗಾಗಿದೆ ಎಂದೆ. "ಉತ್ತರದ ಸಾಲನ್ನು ಕವಯಿತ್ರಿ ಬೇಕೆಂದೇ ಬಿಟ್ಟಿದ್ದಾರೆ. ಅದನ್ನು ಕೇಳಿದವನು ಬಾಯಿಬಿಟ್ಟು ಹೇಳಬೇಕು. ಆಗಲೇ ಕವಿತೆ ಪೂರ್ತಿ" ಎಂದೆ. ಜೋರು ಚಪ್ಪಾಳೆ. ಕುಳಿತೆ.

ಅಕ್ಕ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಹಾಳೆ ಮಡಚಿ ಭಾವನ ಕಡೆ ತಿರುಗಿದಳು.

"ಭಾಷಣ ಭಾಳ ಛಲೋ ಆತ್ರಿ. ಮಾಸ್ತರಿಗೆ ಊಟ ಮಾಡಿ ಹೋಗ್ರಿ ಅಂತ ಹೇಳ್ರಿ."

ಬಸ್ಸು ಸಿಕ್ಕಿತ್ತು, ಚಷ್ಮಾ ಮೂಗಿನ ಮೇಲಿತ್ತು, ಮೈಕು ಗಣಗಣ ಅಂದಿತ್ತು. ಆ ಒಂದು ಸಾಲನ್ನು ಮಾತ್ರ ನಾನು ಹೇಳಿರಲಿಲ್ಲ.